ರಟ್ಟಿಲ್ಲದ ಪುಸ್ತಕ

"ರಟ್ಟು ನೋಡಿ ಪುಸ್ತಕಕ್ಕೆ ಬೆಲೆ ಕಟ್ಟಬೇಡ" ಎಂಬ ಇಂಗ್ಲಿಷ್ ನಾಣ್ಣುಡಿಯನ್ನು ಹೈಸ್ಕೂಲಿನ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಒಳಗೇನಿದೆ ಎಂದು ತಿಳಿಯುವ ಮೊದಲೇ ತೀರ್ಪು ಕೊಡಬೇಡ ಎಂಬುದು ಅದರ ಅರ್ಥ. ಪುಸ್ತಕಕ್ಕಿಂತ ಹೆಚ್ಚಾಗಿ ಮನುಷ್ಯರ ವಿಷಯದಲ್ಲೇ ಅದನ್ನು ಬಳಸುತ್ತಾರೆ.

ಜಾರ್ಜ್ ಎಲಿಯಟ್ 1860ರಲ್ಲಿ ಪ್ರಕಟಿಸಿದ 'ದಿ ಮಿಲ್ ಆನ್ ದಿ ಫ್ಲಾಸ್' ಕಾದಂಬರಿಯಲ್ಲಿ ಟಲಿವರ್ ಎಂಬ ಹಿಟ್ಟಿನ ಗಿರಣಿಯ ಯಜಮಾನನಿದ್ದಾನೆ. ರಟ್ಟು ಚೆಂದವಿದೆಯೆಂದು ಅವನು ಕೊಂಡು ತಂದ ಪುಸ್ತಕ ಸೈತಾನನ ಚರಿತ್ರೆಯಾಗಿರುತ್ತದೆ! ಮಗಳು ಅದನ್ನು ಓದುವುದನ್ನು ಕಂಡಾಗ, ಹೊರಗಿನದನ್ನು ನೋಡಿ ನಂಬಬಾರದು ಎಂದು ಅವನು ಪೇಚಾಡುತ್ತಾನೆ. ನಮ್ಮ "ಬೆಳ್ಳಗಿರುವುದೆಲ್ಲ ಹಾಲಲ್ಲ" ಎಂಬ ಮಾತೂ ಇದೇ ಜಾತಿಯದು. ಇನ್ನೊಂದು ಸಂಗತಿ ಕೇಳಿರಿ: ಜಾರ್ಜ್ ಎಲಿಯಟ್ ಎಂಬುದು ಗಂಡಸಿನ ಹೆಸರು, ಬರೆದಾಕೆ ಮೇರಿ ಆ್ಯನ್ ಇವಾನ್ಸ್ ಎಂಬ ಹೆಣ್ಣುಮಗಳು. ಆಕೆಯ ಪುಸ್ತಕದ ರಟ್ಟಿನ ಮೇಲೆ ಗಂಡು ಹೆಸರಾದರೂ ಇತ್ತು. ನಮ್ಮ ಕಡೆಯ ಹೆಣ್ಣುಮಕ್ಕಳ ಹಾಡಿಗೆ ರಟ್ಟೂ ಇರಲಿಲ್ಲ, ಹೆಸರೂ ಇರಲಿಲ್ಲ.

ತಾಂಬಾ, ಇಂಡಿ, ಸಿಂದಗಿ ಸೀಮೆಯಲ್ಲಿ ನಸುಕಿಗೆ ಎದ್ದು ಜೋಳ ಬೀಸುವಾಗ ಹೆಂಗಸರು ಹಾಡುತ್ತಿದ್ದರು. ತವರು, ಅಣ್ಣ, ತೊಟ್ಟಿಲ ಕೂಸು, ಅತ್ತೆಯ ಮನೆ, ಹೀಗೆ ತಮ್ಮ ಬಾಳಿನದೆಲ್ಲವನ್ನೂ ಬೀಸುಕಲ್ಲಿನ ಮುಂದೆ ಹೇಳಿಕೊಳ್ಳುತ್ತಿದ್ದರು. ಅಕ್ಷರ ಬಾರದವರ ಹಾಡೆಂದರೆ ಓದಿದವರಿಗೆ ಹಗುರ. ಕೇಳುವ ಮೊದಲೇ ತೀರ್ಪು ಮುಗಿದಿರುತ್ತಿತ್ತು.

ಹಾಗೆ ಮಾಡದೆ ಕಿವಿಗೊಟ್ಟವರು ಅಂದಿನ ಇಂಡಿ ತಾಲೂಕಿನ ಹಲಸಂಗಿ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾ ಸಾಹೇಬ, ಕಾಪಸೆ ರೇವಪ್ಪ, ಇವರೆಲ್ಲ ಹಳ್ಳಿಯ ತರುಣರು. ತಾಯಂದಿರ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹ ತಂದರು. ಆಗ ಮಧುರಚೆನ್ನರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮುಂದೆ 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಸಂಗ್ರಹಗಳೂ ಬಂದವು.

ಒಳಗೆ ನೋಡಿದರೆ ಸಿಕ್ಕಿದ್ದೇನು? ಹಾಡುಗಳಲ್ಲಿ ಹೆಚ್ಚಿನವು ತ್ರಿಪದಿಗಳು. ಸರ್ವಜ್ಞನ ವಚನಗಳದ್ದೂ ಅದೇ ಛಂದಸ್ಸು. ಬಾದಾಮಿಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆಯಲ್ಲ, ಅದರಲ್ಲೂ ತ್ರಿಪದಿಯಿದೆ. ಬಂಡೆಯ ಮೇಲೆ ಕೊರೆದ ಛಂದಸ್ಸನ್ನು ಸಾವಿರ ವರ್ಷಕ್ಕೂ ಮಿಕ್ಕಿ ಬಾಯಿಂದ ಬಾಯಿಗೆ ಕಾಪಾಡಿದವರಲ್ಲಿ ಶಾಲೆಯ ಮೆಟ್ಟಿಲು ತುಳಿಯದ ನಮ್ಮ ಅವ್ವಂದಿರೂ ಇದ್ದರು. ಅವರನ್ನು 'ಏನೂ ತಿಳಿಯದವರು' ಎಂದದ್ದು ಎಂಥ ಅವಸರದ ಮಾತು!

ಹಿಟ್ಟಿನ ಗಿರಣಿ ಬಂದು ಹೆಂಗಸರ ರಟ್ಟೆನೋವು ತಪ್ಪಿತು, ಅದು ಒಳ್ಳೆಯದೇ ಆಯಿತು. ಆದರೆ ಬೀಸುಕಲ್ಲಿನ ಜೊತೆ ಹಾಡೂ ಮೂಲೆ ಸೇರಿತು. ಬರೆದುಕೊಂಡಷ್ಟು ಉಳಿಯಿತು. ಕೇಳದೆ ಬಿಟ್ಟದ್ದು ಹಾಡಿದವರ ಸಂಗಡ ಹೋಯಿತು. ಅವಸರದ ತೀರ್ಪಿನ ಕೇಡು ಇದೇ: ಹೊನ್ನೋ ಹೊಟ್ಟೋ ಎಂದು ಮತ್ತೆ ಪರೀಕ್ಷಿಸೋಣವೆಂದರೆ ವಸ್ತುವೇ ಇರುವುದಿಲ್ಲ.

ನಿಮ್ಮ ಮನೆಯಲ್ಲಿ ವಯಸ್ಸಾದ ಅತ್ತೆಯೋ ಅಜ್ಜಿಯೋ ಇದ್ದರೆ, ಗೆಳತಿಯರೇ, ಸಂಜೆ ಹೊತ್ತು ಪಕ್ಕದಲ್ಲಿ ಕುಳಿತು ಒಂದು ಹಾಡು ಕೇಳಿರಿ. ಮೊದಲು ಬರೆದುಕೊಳ್ಳಿರಿ; ಬೆಲೆಯನ್ನು ಆಮೇಲೆ ಕಟ್ಟಿದರಾಯಿತು.