ಎರಡು ಬೆರಳಿಗೆ ಶೇಕಡಾ ಇಪ್ಪತ್ತು

ಬರೆಯದೆ ತುಂಬಾ ದಿನ ಆಯ್ತು. ಕಾರಣ ಏನೂ ಇಲ್ಲ, ಸೋಮಾರಿತನ ಅಷ್ಟೆ :-) ಈ ಬರಹ ಮಾತ್ರ ಬಹಳ ದಿನದಿಂದ ತಲೆಯಲ್ಲಿ ಕೊರೀತಾ ಇತ್ತು. ಇವತ್ತು ಕೂತು ಬರೆದೇ ಬಿಡೋಣ ಅಂತ...

2025ರ ಆಗಸ್ಟ್ 10ಕ್ಕೆ ನಮ್ಮ ಮೆಟ್ರೋದ ಹಳದಿ ಮಾರ್ಗ ಶುರುವಾಯ್ತಲ್ಲ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ, ಅದಾದ ಸ್ವಲ್ಪ ದಿನಕ್ಕೆ ನನ್ನ ಸೋದರಮಾವ ಊರಿಂದ ಬಂದಿದ್ದರು. "ಬೊಮ್ಮಸಂದ್ರಕ್ಕೆ ರೈಲು ಹೋಗತ್ತಂತೆ, ಒಂದ್ಸಲ ಕರ್ಕೊಂಡು ಹೋಗೋ" ಅಂದರು. ಅವರಿಗೆ ಅಲ್ಲಿ ನೋಡೋದಕ್ಕೆ ಏನೂ ಇಲ್ಲ. ಆದರೆ ತಮ್ಮ ಬಲಗೈಯ ಎರಡು ಬೆರಳನ್ನು ಅವರು ಬಿಟ್ಟು ಬಂದಿದ್ದು ಅಲ್ಲೇ, 1994ರಲ್ಲಿ.

ಆಗ ಮಾವ ವಿಲ್ಸನ್ ಗಾರ್ಡನ್‌ನಲ್ಲಿ ಒಂದು ರೂಮಲ್ಲಿ ಇದ್ದರು. ಬೊಮ್ಮಸಂದ್ರದ ಒಂದು ಸಣ್ಣ ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಆಪರೇಟರ್. ಪವರ್ ಪ್ರೆಸ್ ನೋಡಿಲ್ಲದವರಿಗೆ: ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ನಡುವೆ ತಗಡಿನ ತುಂಡು ಇಟ್ಟು ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಿನದು ಧಡ್ ಅಂತ ಕೆಳಗಿಳಿದು ವಾಷರೋ ಬ್ರಾಕೆಟ್ಟೋ ಕತ್ತರಿಸಿ ಕೊಡತ್ತೆ. ಎಡಗೈಲಿ ತಗಡು ಇಡು, ಪೆಡಲ್ ಒತ್ತು, ಬಲಗೈಲಿ ತೆಗಿ. ದಿನಕ್ಕೆ ಸಾವಿರಾರು ಸಲ. ಯಂತ್ರದ ಮುಂದೆ ತಡೆ ಹಾಕಿರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳ್ತಿತ್ತು. ಎರಡೂ ಕೈಯಲ್ಲಿ ಬಟನ್ ಒತ್ತಿದರೆ ಮಾತ್ರ ಇಳಿಯೋ ಪ್ರೆಸ್ಸುಗಳೂ ಇವೆ, ಅದರಲ್ಲಿ ಕೈ ಒಳಗೆ ಸಿಕ್ಕಿಕೊಳ್ಳೋಕೇ ಆಗಲ್ಲ. ಆದರೆ ತಡೆ ಇದ್ದರೆ ಕೆಲಸ ನಿಧಾನ. ಪೀಸ್ ಲೆಕ್ಕದಲ್ಲಿ ದುಡ್ಡು ಅಂದಮೇಲೆ ತಡೆ ಮೂಲೆ ಸೇರತ್ತೆ. ಮಾವನ ಪ್ರೆಸ್ಸಿನ ತಡೆಯೂ ಮೂಲೆಯಲ್ಲೇ ಇತ್ತಂತೆ. ಮಧ್ಯಾಹ್ನದ ಊಟ ಆದಮೇಲೆ, ಪಾಳಿ ಮುಗಿಯೋಕೆ ಒಂದು ಗಂಟೆ ಇದ್ದಾಗ, ತೋರು ಬೆರಳು ಮತ್ತು ನಡು ಬೆರಳು ಬುಡದವರೆಗೂ ಹೋಯ್ತು.

ಇಲ್ಲಿಂದ ಇತಿಹಾಸ ಶುರು, ಬೇಜಾರು ಮಾಡ್ಕೋಬೇಡಿ.

ಬೆರಳಿಗೆ ಬೆಲೆ ಕಟ್ಟೋ ಪಟ್ಟಿ ಒಂದಿದೆ ಅಂತ ಎಷ್ಟು ಜನಕ್ಕೆ ಗೊತ್ತು? 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಕೊನೆಯಲ್ಲಿತ್ತು. 1948ರ ಇ.ಎಸ್.ಐ. ಕಾಯ್ದೆಯಲ್ಲೂ ಅಂಥದೇ ಇತ್ತು. ಯಾವ ಅಂಗ ಹೋದರೆ ದುಡಿಯೋ ಶಕ್ತಿ ಎಷ್ಟು ಹೋಯ್ತು ಅನ್ನೋ ಲೆಕ್ಕ. ಎರಡೂ ಕೈ ಹೋದರೆ 100. ಒಂದು ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ 40. ಹೆಬ್ಬೆರಳು 30. ತೋರು ಬೆರಳು ಪೂರ್ತಿ ಹೋದರೆ 14, ನಡು ಬೆರಳು 12, ಉಂಗುರ ಬೆರಳು ಅಥವಾ ಕಿರುಬೆರಳು 7. ಬೆರಳಿನ ಒಂದೊಂದು ಗೆಣ್ಣಿಗೂ ಬೇರೆ ಬೇರೆ ಅಂಕಿ. ಮೂಳೆ ಹೋಗದೆ ಬರೀ ತುದಿ ಕತ್ತರಿಸಿದ್ದರೆ ಅದಕ್ಕೂ ಒಂದು. ನಾನು ಮೊದಲ ಸಲ ಓದಿದಾಗ ದಿನಸಿ ಅಂಗಡಿ ಚೀಟಿ ಓದಿದ ಹಾಗೆ ಅನ್ನಿಸಿ ಹೊಟ್ಟೆ ತೊಳೆಸಿತ್ತು. ಆಮೇಲೆ ಅನ್ನಿಸಿತು, ಈ ಚೀಟಿ ಇಲ್ಲದೇ ಇದ್ದ ಕಾಲದಲ್ಲಿ ಬೆರಳಿಗೆ ಸೊನ್ನೆ ಅಲ್ವೇ ಸಿಗ್ತಿದ್ದಿದ್ದು.

ಒಂದು ತಮಾಷೆ ನೋಡಿ. ತೋರು ಬೆರಳು 14, ನಡು ಬೆರಳು 12, ಕೂಡಿದರೆ 26 ಆಗಬೇಕು ತಾನೇ? ಪಟ್ಟಿಯಲ್ಲಿ "ಒಂದೇ ಕೈಯ ಎರಡು ಬೆರಳು" ಅಂತ ಬೇರೆ ಸಾಲಿದೆ. ಅದಕ್ಕೆ 20. ಮಾವನಿಗೆ ಬರೆದಿದ್ದು 20. "ಜೋಡಿ ತಗೊಂಡ್ರೆ ಡಿಸ್ಕೌಂಟು" ಅಂತ ಮಾವ ಈಗಲೂ ನಗ್ತಾರೆ. ಅದರ ಮೇಲೆ ತಿಂಗಳಿಗೆ ಇನ್ನೂರು ಚಿಲ್ಲರೆ ರೂಪಾಯಿ, ಬದುಕಿರೋವರೆಗೂ, ಅಂತ ಆಯ್ತು. ಕಾಲಕ್ಕೆ ತಕ್ಕ ಹಾಗೆ ಸ್ವಲ್ಪ ಏರಿದೆ ಈಗ. ಇ.ಎಸ್.ಐ. ಬಗ್ಗೆ ಏನೇ ದೂರು ಹೇಳಿ, ಆ ದುಡ್ಡು ನಿಂತಿಲ್ಲ.

ನಿಂತಿದ್ದು ಕೆಲಸ. ಗಾಯ ಮಾಗಿದ ಮೇಲೆ ಕಾರ್ಖಾನೆಯವರು ಮಾವನನ್ನ ಪ್ಯಾಕಿಂಗಿಗೆ ಹಾಕಿದರು, ಎರಡು ವರ್ಷಕ್ಕೆ ಕಾರ್ಖಾನೆಯೇ ಮುಚ್ಚಿತು. ಬೇರೆ ಕಡೆ ಕೇಳಿಕೊಂಡು ಹೋದರೆ ಗೇಟಲ್ಲೇ ಕೈ ನೋಡಿ "ಆಮೇಲೆ ಹೇಳ್ತೀವಿ". ಒಂದು ಕಡೆ ಕೈ ಜೇಬಲ್ಲಿ ಇಟ್ಕೊಂಡೇ ಮಾತಾಡಿ ಸೇರಿಕೊಂಡು, ಮೂರನೇ ದಿನ ಸಿಕ್ಕಿಬಿದ್ದು ವಾಪಸ್ ಬಂದರಂತೆ. ಸರಿ, ಅಂಗವಿಕಲರ ಕೋಟಾದಲ್ಲಾದರೂ ನೋಡೋಣ ಅಂದರೆ ಅದಕ್ಕೆ ಕನಿಷ್ಠ ಶೇ. 40 ಇರಬೇಕು. ಅಂದರೆ ಕಾರ್ಖಾನೆಯವರ ಕಣ್ಣಿಗೆ ಮಾವ ಅಂಗವಿಕಲ, ಸರ್ಕಾರದ ಕಣ್ಣಿಗೆ ಅಲ್ಲ. ನಲವತ್ತರ ಕೆಳಗೆ ಇರೋರ ಕಥೆ ಹೀಗೇ.

ಹೊಸೂರು ರಸ್ತೆಯ ಇತಿಹಾಸ ಅಂದರೆ ಎಲ್ಲರೂ ಎಲೆಕ್ಟ್ರಾನಿಕ್ ಸಿಟಿ ಹೇಳ್ತಾರೆ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕನಸು ಕಂಡಿದ್ದು, ಬಯೋಕಾನ್, ನಾರಾಯಣ ಹೃದಯಾಲಯ, 2010ರ ಜನವರಿಯಲ್ಲಿ ಬಂದ ಮೇಲ್ಸೇತುವೆ... ಅದೆಲ್ಲ ನಿಮಗೆ ಗೊತ್ತಿರೋದೇ. ಇದೇ ರಸ್ತೆಗೆ ಇನ್ನೊಂದು ಕಥೆಯಿದೆ, ಊನ ಇದ್ದವರಿಗೆ ಕೆಲಸ ಕೊಡೋ ಕಥೆ. ಅದು ಎಲೆಕ್ಟ್ರಾನಿಕ್ ಸಿಟಿಗಿಂತ ಹಳೆಯದು.

ನಿಮ್ಹಾನ್ಸ್‌ನಿಂದಲೇ ಶುರು ಮಾಡಬಹುದು. ಮೈಸೂರು ಸಂಸ್ಥಾನದ ಕಾಲದಲ್ಲಿ, 1930ರ ದಶಕದಲ್ಲಿ, ಮಾನಸಿಕ ಆಸ್ಪತ್ರೆ ಊರೊಳಗಿನಿಂದ ಹೊಸೂರು ರಸ್ತೆಗೆ ಬಂತು. ರೋಗಿಗಳಿಗೆ ನೇಯ್ಗೆ, ಬಡಗಿ ಕೆಲಸ, ತೋಟ ಇವೆಲ್ಲ ಚಿಕಿತ್ಸೆಯ ಭಾಗ. 1974ರಲ್ಲಿ ನಿಮ್ಹಾನ್ಸ್ ಅಂತ ಆದಮೇಲೂ ಆ ಕೆಲಸ ಬೆಳೀತು, ಬೇಕರಿ, ಮೇಣದ ಬತ್ತಿ ಎಲ್ಲ ಸೇರಿಕೊಂಡವು. ಆದರೆ ಅಲ್ಲಿ ಬ್ರೆಡ್ ಸುಡೋದು ಕಲಿತವನಿಗೆ ಹೊರಗೆ ಬೇಕರಿಯಲ್ಲಿ ಕೆಲಸ ಸಿಗೋದು ಬೇರೆಯದೇ ಮಾತು.

ಅಲ್ಲಿಂದ ಸ್ವಲ್ಪ ಮುಂದೆ, ಅದೇ ರಸ್ತೆಯಲ್ಲಿ, ಕೇಂದ್ರ ಕಾರ್ಮಿಕ ಇಲಾಖೆಯ ವೃತ್ತಿ ಪುನರ್ವಸತಿ ಕೇಂದ್ರ. ಇಂಥ ಕೇಂದ್ರಗಳು ಮೊದಲು 1968ರಲ್ಲಿ ಮುಂಬೈ ಮತ್ತು ಹೈದರಾಬಾದಲ್ಲಿ ಶುರುವಾದವು, ಬೆಂಗಳೂರಿನದು ಆಮೇಲಿನದು. ಈಗ ಹೆಸರು ಬದಲಾಗಿದೆ, ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರ ಅಂತಾರೆ. ಅವರು ಮಾಡೋ ಕೆಲಸ ನನಗೆ ಬಹಳ ಇಷ್ಟ ಆಯ್ತು. ಬಂದವನಿಗೆ ಏನು ಹೋಗಿದೆ ಅಂತಲ್ಲ, ಏನು ಉಳಿದಿದೆ ಅಂತ ಪರೀಕ್ಷೆ ಮಾಡೋದು. ವೈದ್ಯರು, ಮನಶ್ಶಾಸ್ತ್ರ ಕಲಿತವರು, ಕಸುಬು ಗೊತ್ತಿರೋ ಬೋಧಕರು ಎಲ್ಲ ಸೇರಿ, ನಿಜವಾದ ಕೆಲಸ ಮಾಡಿಸಿ ನೋಡಿ, ಇವನಿಗೆ ಇಂಥ ಕೆಲಸ ಆಗತ್ತೆ ಅಂತ ಹೇಳೋದು. ಬೆರಳಿನ ಪಟ್ಟಿಗೆ ಇದು ಪೂರ್ತಿ ಉಲ್ಟಾ. ಪಟ್ಟಿ ಕಳೆಯತ್ತೆ, ಇವರು ಉಳಿದಿದ್ದನ್ನ ಎಣಿಸ್ತಾರೆ.

ನನಗೆ ಹೊಟ್ಟೆ ಉರಿಯೋದು ಇಲ್ಲಿ. ಮಾವ ದಿನಾ ವಿಲ್ಸನ್ ಗಾರ್ಡನ್‌ನಿಂದ ಬೊಮ್ಮಸಂದ್ರಕ್ಕೆ ಹೋಗ್ತಿದ್ದ ಬಸ್ಸು ಆ ಕೇಂದ್ರದ ಮುಂದೆಯೇ ಹಾದು ಹೋಗ್ತಿತ್ತು! ಕೆಲಸ ಹುಡುಕಿಕೊಂಡು ಅಲೆದ ತಿಂಗಳುಗಳಲ್ಲೂ ಅದೇ ಬಸ್ಸು. ಅಲ್ಲೊಂದು ಕೇಂದ್ರ ಇದೆ ಅಂತ ಅವರಿಗೆ ಯಾರೂ ಹೇಳಲಿಲ್ಲ. ಕಾರ್ಖಾನೆಯವರಿಗೂ ಗೊತ್ತಿರಲಿಲ್ಲವೋ ಏನೋ. ನಾನು ಆಗ ಹೈಸ್ಕೂಲು. ಮೊನ್ನೆ ನಾನು ಹೇಳಿದಾಗ ಮಾವ "ಆ ಕಾಂಪೌಂಡಾ?" ಅಂದು ಸುಮ್ಮನಾದರು.

ಊರಿನ ಇನ್ನೊಂದು ಕಡೆ 1959ರಲ್ಲೇ ಎ.ಪಿ.ಡಿ. ಶುರುವಾಗಿತ್ತು, ಲಿಂಗರಾಜಪುರದಲ್ಲಿದೆ. ಶುರು ಮಾಡಿದ ಎನ್.ಎಸ್. ಹೇಮಾ ಸ್ವತಃ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವರು. ಅಂಗವಿಕಲರಿಗೆ ಅಂತಲೇ ದೇಶದ ಮೊದಲ ಉದ್ಯೋಗ ವಿನಿಮಯ ಕಚೇರಿ ಮುಂಬೈಯಲ್ಲಿ ತೆರೆದಿದ್ದೂ ಅದೇ 1959. ಎ.ಪಿ.ಡಿ.ಯವರು ಆಮೇಲೆ ಜೀವನ್ ಭೀಮಾ ನಗರದಲ್ಲಿ ತೋಟಗಾರಿಕೆ ತರಬೇತಿ ಶುರು ಮಾಡಿದರು. ಆ ಕಡೆ ಹೋದರೆ ಅಲ್ಲಿಂದ ಒಂದು ಗಿಡ ತನ್ನಿ, ನಮ್ಮನೇಲಿ ಎರಡು ಇವೆ. ಬೊಮ್ಮಸಂದ್ರ ದಾಟಿ ಅತ್ತಿಬೆಲೆ ಗಡಿ ದಾಟಿದರೆ ಹೊಸೂರಿನ ಟೈಟನ್, ಕಿವಿ ಕೇಳದವರನ್ನೂ ಕೈಕಾಲು ಊನ ಇದ್ದವರನ್ನೂ ಗಡಿಯಾರ ಮಾಡೋ ಕೆಲಸಕ್ಕೆ ತಗೊಂಡು ಹೆಸರು ಮಾಡಿದ್ದು. ಅಂದರೆ ಆಗಲ್ಲ ಅನ್ನೋದು ಸುಳ್ಳು, ಅದೇ ರಸ್ತೆಯಲ್ಲೇ ಆಗ್ತಿತ್ತು.

ಕಾನೂನಿನ ಕಥೆ ಬೇಗ ಹೇಳಿಬಿಡ್ತೀನಿ. 1977ರಲ್ಲಿ ಕೇಂದ್ರ ಸರ್ಕಾರದ ಸಿ ಮತ್ತು ಡಿ ಗುಂಪಿನ ಕೆಲಸಗಳಲ್ಲಿ ಶೇ. 3 ಮೀಸಲು. 1995ರ ಕಾಯ್ದೆ (ಜಾರಿಯಾಗಿದ್ದು 1996ರ ಫೆಬ್ರವರಿ 7ಕ್ಕೆ) ಅದನ್ನ ಎಲ್ಲ ಗುಂಪಿಗೂ ಹಕ್ಕು ಅಂತ ಮಾಡಿತು. ಮಾನಸಿಕ ಕಾಯಿಲೆಯವರನ್ನ ಪಟ್ಟಿಗೆ ಸೇರಿಸಿತು, ಮೀಸಲಾತಿಯಲ್ಲಿ ಮಾತ್ರ ಬಿಟ್ಟಿತು. 2016ರ ಹೊಸ ಕಾಯ್ದೆ ಶೇ. 4 ಮಾಡಿ ಅವರನ್ನೂ ಒಳಗೆ ತಂದಿತು, 7 ಬಗೆಯ ಊನ 21 ಆಯ್ತು. ಇದೆಲ್ಲ ಸರ್ಕಾರಿ ಕೆಲಸಕ್ಕೆ. ಖಾಸಗಿಯವರಿಗೆ 1995ರಿಂದಲೂ ಒಂದೇ ಮಾತು: ಶೇ. 5ರಷ್ಟು ಜನ ಇರೋ ಹಾಗೆ ಸರ್ಕಾರ ಪ್ರೋತ್ಸಾಹ ಕೊಡಬೇಕು. ಪ್ರೋತ್ಸಾಹ! ಆ ಪ್ರೋತ್ಸಾಹ ಬಂದಿದ್ದು 2008ರಲ್ಲಿ. 25 ಸಾವಿರದವರೆಗೆ ಸಂಬಳ ಇರೋ ವಿಕಲಚೇತನ ನೌಕರರ ಪಿ.ಎಫ್., ಇ.ಎಸ್.ಐ.ಯಲ್ಲಿ ಮಾಲೀಕರ ಪಾಲನ್ನ ಮೂರು ವರ್ಷ ಸರ್ಕಾರವೇ ಕಟ್ಟೋದು. ಬಳಸಿಕೊಂಡ ಕಂಪನಿಗಳು ಕಡಿಮೆ.

1995ರ ಕಾಯ್ದೆಯಲ್ಲಿ ಮಾವನಿಗೆ ಸಂಬಂಧಪಟ್ಟ ಒಂದು ಸೆಕ್ಷನ್ ಇತ್ತು, 47ನೆಯದು. ಕೆಲಸದಲ್ಲಿ ಇರೋವಾಗ ಊನ ಆದರೆ ತೆಗೆಯೋ ಹಾಗಿಲ್ಲ, ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು, ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ ಹೊಸ ಹುದ್ದೆಯನ್ನೇ ಮಾಡಿ ಇಟ್ಕೋಬೇಕು. 2003ರಲ್ಲಿ ಕುನಾಲ್ ಸಿಂಗ್ ಅನ್ನೋ ಪೇದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಗಟ್ಟಿಯಾಗಿ ಎತ್ತಿಹಿಡಿಯಿತು. 2016ರ ಕಾಯ್ದೆಯಲ್ಲೂ ಉಳಿದಿದೆ. ಆದರೆ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಹೊಸೂರು ರಸ್ತೆಯಲ್ಲಿ ಸರ್ಕಾರಿ ಬಸ್ಸು ಓಡಿಸೋ ಡ್ರೈವರಿಗೆ ಈ ರಕ್ಷಣೆ ಇದೆ. ಆ ಬಸ್ಸಿಂದ ಇಳಿದು ಪ್ರೆಸ್ಸಿನ ಮುಂದೆ ನಿಲ್ಲೋನಿಗೆ ಇಲ್ಲ. ಬೆರಳು ಹೋಗೋದು ಹೆಚ್ಚು ಎಲ್ಲಿ ಅಂತ ಬಿಡಿಸಿ ಹೇಳಬೇಕೇ?

2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ ವಿಕಲಚೇತನರು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಮೇಲೆ. ದೇಶದ ಲೆಕ್ಕದಲ್ಲಿ ದುಡಿಯೋರು ಅವರಲ್ಲಿ ಶೇ. 36. ಹೆಂಗಸರಲ್ಲಿ ಶೇ. 23 ಮಾತ್ರ. ಮಾವ ಈ 13 ಲಕ್ಷದಲ್ಲಿ ಇದ್ದಾರೋ ಇಲ್ಲವೋ, ಎಣಿಸೋಕೆ ಬಂದವರು ಕೈ ನೋಡಿದ್ದರೋ ಇಲ್ಲವೋ. (ಅಂಗವಿಕಲ, ವಿಕಲಚೇತನ, ವಿಶೇಷಚೇತನ, 2015ರಿಂದ ದಿವ್ಯಾಂಗ... ಹೆಸರಂತೂ ಬೇಗ ಬೇಗ ಬದಲಾಗತ್ತೆ. ಮಾವ ತಮ್ಮನ್ನ "ಎಂಟು ಬೆರಳಿನೋನು" ಅಂತಾರೆ, ಮುಗೀತು.)

ಒಳ್ಳೆಯದೂ ಆಗಿದೆ. 1999ರಲ್ಲಿ ಶಾಂತಿ ರಾಘವನ್, ದೀಪೇಶ್ ಸುತಾರಿಯಾ ಎನೇಬಲ್ ಇಂಡಿಯಾ ಶುರು ಮಾಡಿದರು. ಶಾಂತಿಯವರ ತಮ್ಮನ ಕಣ್ಣು ಹೋದಾಗ ಅವರನ್ನ ಓದಿಸಿ ಕೆಲಸಕ್ಕೆ ಹಚ್ಚಿದ ಅನುಭವದಿಂದ ಹುಟ್ಟಿದ್ದು ಅದು. 2006ರಲ್ಲಿ ಪವಿತ್ರಾ ವೈ.ಎಸ್. ಅವರ ವಿಂಧ್ಯಾ ಬಂತು. ದತ್ತಾಂಶ ನಮೂದು, ಕಾಲ್ ಸೆಂಟರ್ ಕೆಲಸ, ನೌಕರರಲ್ಲಿ ಬಹುಪಾಲು ವಿಕಲಚೇತನರೇ. ದಾನ ಅಲ್ಲ, ವ್ಯಾಪಾರ. 2017ರಲ್ಲಿ ಹುಬ್ಬಳ್ಳಿಯಲ್ಲಿ ಅಲೀನಾ ಆಲಂ ಮಿಟ್ಟಿ ಕೆಫೆ ತೆರೆದರು, 2023ರಲ್ಲಿ ಅದು ಸುಪ್ರೀಂ ಕೋರ್ಟಿನ ಅಂಗಳಕ್ಕೂ ಹೋಯ್ತು.

ನಮಗೆ ಸಂಬಂಧಪಟ್ಟಿದ್ದೂ ಒಂದಿದೆ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಎನ್‌ವಿಡಿಎ ಅನ್ನೋ ಉಚಿತ ತಂತ್ರಾಂಶ ಶುರು ಮಾಡಿದರು, ಪರದೆ ಮೇಲಿರೋದನ್ನ ಓದಿ ಹೇಳತ್ತೆ. ಇಸ್ಪೀಕ್ ಜೊತೆ ಸೇರಿ ಅದು ಕನ್ನಡವನ್ನೂ ಓದತ್ತೆ, ಆದರೆ ಯೂನಿಕೋಡಲ್ಲಿ ಇದ್ದರೆ ಮಾತ್ರ. ನುಡಿ, ಬರಹದ ಹಳೇ ಫಾಂಟಲ್ಲಿ ಬರೆದಿದ್ದು ಅದಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಾವೆಲ್ಲ ಯೂನಿಕೋಡ್ ಯೂನಿಕೋಡ್ ಅಂತ ಬಡ್ಕೊಂಡಿದ್ದು ಹುಡುಕೋಕೆ ಸುಲಭ ಅಂತ. ಕಣ್ಣಿಲ್ಲದ ಕನ್ನಡಿಗನಿಗೆ ಕನ್ನಡದಲ್ಲೇ ಕಚೇರಿ ಕೆಲಸ ಮಾಡೋ ದಾರಿ ಅದರಿಂದ ತೆರೆದಿದ್ದು ನಮಗೆ ಹೊಳೆದೇ ಇರಲಿಲ್ಲ.

ಮಾವನ ಕಥೆಗೆ ಬರ್ತೀನಿ. ಅವರು ಕೊನೆಗೆ ಊರಿಗೆ ಹೋಗಿ ಎಡಗೈಲಿ ಬರೆಯೋದು ಕಲಿತು ಸೊಸೈಟಿಯಲ್ಲಿ ಹಾಲಿನ ಲೆಕ್ಕ ಬರೆದರು, ಇಪ್ಪತ್ತು ವರ್ಷ. ಅಕ್ಷರ ನನಗಿಂತ ಚೆನ್ನಾಗಿದೆ.

ಬೊಮ್ಮಸಂದ್ರ ಸ್ಟೇಷನ್ನಲ್ಲಿ ಇಳಿದೆವು. ನೆಲದಲ್ಲಿ ಅಂಧರಿಗಾಗಿ ಹಾಕಿರೋ ಉಬ್ಬು ಗೀಟಿನ ಹಳದಿ ಟೈಲ್ಸ್ ಮೇಲೆ ಮಾವ ಮಕ್ಕಳ ಹಾಗೆ ಹೆಜ್ಜೆ ಇಟ್ಕೊಂಡು ಲಿಫ್ಟ್‌ವರೆಗೂ ನಡೆದರು. ಕೈಗಾರಿಕಾ ಪ್ರದೇಶದ ಒಳಗೆ ಅರ್ಧ ಗಂಟೆ ಸುತ್ತಿದೆವು. ಅವರ ಕಾರ್ಖಾನೆ ಇದ್ದ ಜಾಗ ಗುರುತು ಸಿಗಲಿಲ್ಲ, ಎಲ್ಲೋ ಒಳಗಿಂದ ಪ್ರೆಸ್ಸಿನ ಸದ್ದು ಮಾತ್ರ ಬರ್ತಿತ್ತು. ಮಾವ ನಿಂತು ಕೇಳಿದರು. "ಸಣ್ಣ ಪ್ರೆಸ್ಸು" ಅಂದರು. "ಹುಡುಗ ಹೊಸಬ. ನೋಡು, ಹೊಡೆತ ಒಂದೇ ಸಮ ಇಲ್ಲ."

ವಾಪಸ್ ಬರ್ತಾ ರೈಲಲ್ಲಿ, ಇ.ಎಸ್.ಐ.ಗೆ ಬದುಕಿದ್ದೀನಿ ಅಂತ ಸರ್ಟಿಫಿಕೇಟ್ ಕೊಡೋದು ಈ ತಿಂಗಳಿದೆ, ನೆನಪಿಸು ಅಂದರು. ಒಂದ್ಸಲ ಎಲ್ಲೋ ಬೆರಳಚ್ಚಿಗೆ ಹೋದಾಗ ಕಂಪ್ಯೂಟರ್ ಮುಂದೆ ಕೂತ ಹುಡುಗಿ ತಲೆ ಎತ್ತದೆ "ತೋರು ಬೆರಳು ಇಡಿ" ಅಂದಳಂತೆ. ಮಾವ "ಅದು ಬೊಮ್ಮಸಂದ್ರದಲ್ಲಿದೆ ಕಣಮ್ಮ" ಅಂದರಂತೆ.