ಇದ್ದಿಲು ಬಸ್ಸಿನಿಂದ ಬಿಸಿಲ ಕುಲುಮೆಗೆ

ಕೊಪ್ಪಳದ ಕಿನ್ನಾಳದಲ್ಲಿ ಮರದ ಹೊಟ್ಟೂ ಕಸವಲ್ಲ. ಚಿತ್ರಗಾರ ಮನೆತನದವರು ಅದನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ, ಬೊಂಬೆಯ ಬಿಡಿಭಾಗಗಳನ್ನು ಕೂಡಿಸುತ್ತಾರೆ. ಮರದಿಂದ ಇಂಧನ ತೆಗೆಯುವ ಕಸುಬಿಗೆ ಮಾತ್ರ ಈ ಮಿತವ್ಯಯ ಒಲಿಯಲಿಲ್ಲ. ಮಣ್ಣು ಮುಚ್ಚಿದ ಹಳೇ ಗೂಡಿನಲ್ಲಿ ಒಂದು ಕಿಲೋ ಇದ್ದಿಲಿಗೆ 4ರಿಂದ 6 ಕಿಲೋ ಕಟ್ಟಿಗೆ ಬೇಕು. ಶಾಖಕ್ಕಾಗಿ ಒಂದು ಪಾಲು ಉರಿದುಹೋಗುತ್ತದೆ, ಇನ್ನೊಂದು ಪಾಲು ಹೊಗೆಯಾಗಿ ಹಾರುತ್ತದೆ.

ಆ ಹೊಗೆಯನ್ನು ಹಿಡಿಯಲು ಹೊರಟದ್ದು ಭದ್ರಾವತಿ. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಮಲೆನಾಡಿನ ಕಾಡಿತ್ತು, ಕಲ್ಲಿದ್ದಲು ಇರಲಿಲ್ಲ. ಹಾಗಾಗಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ ಇದ್ದಿಲನ್ನೇ ನೆಚ್ಚಿತು. ಜೊತೆಗೆ ಮರ ಬಟ್ಟಿಯಿಳಿಸುವ ಘಟಕವೂ ಬಂತು: ಮುಚ್ಚಿದ ಪಾತ್ರೆಗಳಲ್ಲಿ ಕಟ್ಟಿಗೆ ಕಾಯಿಸಿ, ಹೊರಬಂದ ಆವಿಯನ್ನು ತಣಿಸಿ, ಮೆಥನಾಲ್, ಅಸಿಟೇಟ್, ಟಾರು ತೆಗೆದರು. 1929ರವರೆಗೆ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದವರು ವಿಶ್ವೇಶ್ವರಯ್ಯ.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಇದ್ದಿಲು ರಸ್ತೆಗಿಳಿಯಿತು. ಬಸ್ಸಿನ ಹಿಂಬದಿಗೆ ಉದ್ದನೆಯ ಒಲೆ ಕಟ್ಟಿದರು. ಹೊರಡುವ ಮೊದಲು ಕ್ಲೀನರ್ ಹಿಡಿಕೆ ತಿರುಗಿಸಿ ಗಾಳಿ ಊದಿ, ಕೆಂಡ ಕೆಂಪಾದ ಮೇಲೆ ಅದರಿಂದ ಬರುವ ಅನಿಲವನ್ನು ಎಂಜಿನ್ನಿಗೆ ಬಿಡಬೇಕಿತ್ತು. ಏರು ಬಂದರೆ ಬಸ್ಸು ಏದುಸಿರು ಬಿಡುತ್ತಿತ್ತು. ತಪ್ಪು ಎಂಜಿನ್ನಿನದಲ್ಲ, ಒಲೆಗೆ ಊದಿದ ಗಾಳಿಯ ಸಾರಜನಕವು ಆ ಅನಿಲದ ಅರ್ಧದಷ್ಟು ಜಾಗ ನುಂಗಿಬಿಡುತ್ತಿತ್ತು.

ಯುದ್ಧ ಮುಗಿದು ಪೆಟ್ರೋಲು ಬಂತು, ಒಲೆ ಗುಜರಿ ಸೇರಿತು. ಆದರೆ ವಿದ್ಯೆ ಸಾಯಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆ ಅನಿಲದಿಂದ ವಿದ್ಯುತ್ ತೆಗೆದರು. ಕರೆಂಟೇ ಕಾಣದಿದ್ದ ಊರಿನ ಮನೆಗಳಲ್ಲಿ ದೀಪ ಉರಿಯಿತು. ಅಲ್ಲಿಯೂ ಶಾಖದ ಬೆಲೆ ತೆತ್ತದ್ದು ಕಟ್ಟಿಗೆಯೇ.

ಶಾಖವನ್ನು ಸೂರ್ಯನಿಂದ ತಂದರೆ? ಕನ್ನಡಿಗಳ ಸಾಲು ಬಿಸಿಲನ್ನು ಒಂದೇ ಕುಲುಮೆಗೆ ತಿರುಗಿಸುತ್ತದೆ. ಸಾವಿರ ಡಿಗ್ರಿ ದಾಟಿದ ಬಿಸಿಯಲ್ಲಿ ಉಗಿ ತಾಗಿದ ಜೀವರಾಶಿ, ಅಂದರೆ ಕಟ್ಟಿಗೆ, ಹೊಟ್ಟಿನಂಥ ವಸ್ತು, ಜಲಜನಕ, ಕಾರ್ಬನ್ ಮಾನಾಕ್ಸೈಡುಗಳಾಗಿ ಒಡೆಯುತ್ತದೆ. ಸುಡುವುದಕ್ಕೆ ಪಾಲಿಲ್ಲ, ಗಾಳಿ ಬೇಡ, ಸಾರಜನಕದ ಕಾಟವಿಲ್ಲ. ಈ ಅನಿಲದಿಂದ ಮೆಥನಾಲನ್ನೂ ಡೀಸೆಲನ್ನೂ ಮಾಡಬಹುದು. 1980ರ ಸುಮಾರಿಗೆ ಅಮೆರಿಕದಲ್ಲಿ, ಆಮೇಲೆ ಸ್ಪೇನಿನ ಅಲ್ಮೆರಿಯಾದಲ್ಲಿ ಇಂಥ ಸೌರಕುಲುಮೆಗಳ ಪರೀಕ್ಷೆ ನಡೆದಿದೆ. ಕನ್ನಡಿಗಳು ದುಬಾರಿ, ಮೋಡ ಮುಚ್ಚಿದರೆ ಕುಲುಮೆ ತಣ್ಣಗಾಗುತ್ತದೆ. ಅದಕ್ಕೇ ಇದು ಇನ್ನೂ ಪೇಟೆಗೆ ಬಂದಿಲ್ಲ.

ಇದಕ್ಕೆ ಬೇಕಾದ ಹೊಟ್ಟು, ಬಿಸಿಲು ಎರಡೂ ಕೊಪ್ಪಳ ಜಿಲ್ಲೆಯಲ್ಲಿವೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. 100 ಕಿಲೋ ಭತ್ತ ಕುಟ್ಟಿದರೆ ಸುಮಾರು 20 ಕಿಲೋ ಹೊಟ್ಟು. ಗಿರಣಿಗಳು ಅದನ್ನು ಬಾಯ್ಲರಿಗೆ ಸುರಿಯುತ್ತವೆ. ಕುಷ್ಟಗಿ, ಯಲಬುರ್ಗಾದ ಬಯಲಲ್ಲಿ ಬಿಸಿಲಿಗೆ ಬರವಿಲ್ಲ. ರಾಜ್ಯದಲ್ಲಿ ಇಂಥ ಕುಲುಮೆಯೊಂದನ್ನು ಪರೀಕ್ಷಿಸುವುದಾದರೆ, ಬೆಂಗಳೂರಿನ ಪ್ರಯೋಗಾಲಯಕ್ಕಿಂತ ಗಂಗಾವತಿಯ ಅಕ್ಕಿ ಗಿರಣಿಯ ಅಂಗಳವೇ ಅದಕ್ಕೆ ಸರಿಯಾದ ಜಾಗ.