ಜಿಲೇಬಿ ಮತ್ತು ಕುಚ್ಚು

ಮದಗದಕೆರೆ ಏರಿ ಮೇಲೆ ಗಾಳ ಹಾಕಿ ಕೂತಿದ್ದ ಹುಡುಗನನ್ನು ಏನು ಸಿಕ್ತಪ್ಪಾ ಅಂತ ಕೇಳಿದೆ. "ಜಿಲೇಬಿ ಸಾರ್, ನಮ್ ಕೆರೇದೇ" ಅಂದ.

ಜಿಲೇಬಿ ನಮ್ಮದೆಲ್ಲಿ ಬಂತು! ತಿಲಾಪಿಯ ಅನ್ನೋ ಈ ಮೀನಿನ ತವರು ಆಫ್ರಿಕಾ. ಬೇಗ ಬೆಳೆಯುತ್ತೆ, ಬಡವರ ತಟ್ಟೆ ತುಂಬುತ್ತೆ ಅಂತ 1952ರಲ್ಲಿ ಭಾರತಕ್ಕೆ ತಂದರು. ತಾಯಿಮೀನು ಮೊಟ್ಟೆ, ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತೆ. ಹಾಗಾಗಿ ಕೆರೆ ತುಂಬಾ ಅಂಗೈಯಗಲದ ಜಿಲೇಬಿಯೇ. 1959ರಲ್ಲಿ ಬೇಡ ಅಂತ ತಡೆ ಹಾಕಿದರು. ಅಷ್ಟರಲ್ಲಿ ಮೀನು ನೀರಿಗಿಳಿದಾಗಿತ್ತು.

ರೋಹು ಕೂಡ ಗಂಗೆ ಸೀಮೆಯದು, ನಿಂತ ನೀರಲ್ಲಿ ಮೊಟ್ಟೆ ಇಡದ ಜಾತಿ. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಒಡಿಶಾದಲ್ಲಿ ಇಂಥ ಗೆಂಡೆ ಜಾತಿಯ ಮೀನುಗಳಿಗೆ ಹಾರ್ಮೋನು ಚುಚ್ಚಿ ಮರಿ ಮಾಡಿಸಿದರು. ಆಮೇಲೆ ಕಡೂರು, ತರೀಕೆರೆ, ಅಜ್ಜಂಪುರದ ಕೆರೆಗಳಿಗೆ ಮರಿ ತಂದು ಬಿಡೋದು ಸಲೀಸಾಯ್ತು. ಮರಿ ಬಿಟ್ಟವರು ಗಾಳದ ಹುಡುಗರನ್ನ ಓಡಿಸೋದೂ.

ಗಾಳವೇನು ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಅಧ್ಯಾಯವಿದೆ. ಕೋಲು, ದಾರ, ಯಾವ ಮೀನಿಗೆ ಯಾವ ಮೇವು, ಎಲ್ಲಾ ಹೇಳ್ತಾನೆ. ಮೀನುಗಳೇ ಸುಮಾರು 35 ಬಗೆ. ಅರಸನಿಗೆ ಅದು ಆಟ, ನಮ್ಮಜ್ಜನಿಗೆ ರಾತ್ರಿಯ ಸಾರು.

ಅಜ್ಜ ಕಾಯ್ತಿದ್ದುದು ಕುಚ್ಚು ಮೀನಿಗೆ. ಮೇಲೆ ಬಂದು ಗಾಳಿ ಕುಡಿಯೋ ಮೀನದು. ಬೇಸಗೇಲಿ ಕೆರೆ ಇಂಗಿದ್ರೂ ಕೆಸರಲ್ಲಿ ಜೀವ ಹಿಡ್ಕೊಂಡಿರುತ್ತೆ. ಗಾಳಕ್ಕೆ ಕಪ್ಪೆಮರಿ ಸಿಕ್ಕಿಸಿ ಸಂಜೆವರೆಗೂ ಕೂರ್ತಿದ್ದ.

ಹುಡುಗನಿಗೆ ಕೇಳಿದೆ, ಇಲ್ಲಿ ಕುಚ್ಚು ಸಿಗುತ್ತೇನೋ?

"ಕುಚ್ಚಾ? ಸೀರೆ ಸೆರಗಿಗೆ ಹಾಕ್ತಾರಲ್ಲ, ಅದಾ ಸಾರ್?"